ಸಿಂಗಾಪುರಕ್ಕೆ ಹೊರಟ ಗಂಟು

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ: ನಾನು ಸಮುದ್ರ ನೋಡಿಲ್ಲ. ಇದರಲ್ಲೇನು ವಿಶೇಷ, ದೇವದುರ್ಗದಲ್ಲಿ ಸಮುದ್ರ ನೋಡದವರು ಓಣಿ ತುಂಬ ಇದ್ದಾರೆ ಎಂದು ನೀವು ಅನ್ನಬಹುದು. ಇರಲಿ. ಅವರ್ಯಾರೂ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ಸಂಬಳ ಎಣಿಸಿದವರಲ್ಲ. ನಾನು ಎಣಿಸಿದ್ದೇನೆ, ಈಗ ಪಿಂಚಣಿಯನ್ನೂ ತಪ್ಪದೆ ತೆಗೆದುಕೊಳ್ಳುತ್ತಿದ್ದೇನೆ. ಕರಿಹಲಗೆಯ ಮೇಲೆ ನಾನು ಸೀಮೆಸುಣ್ಣದಿಂದ ಎಳೆದ ಸಾಗರಗಳಿಗೆ ಲೆಕ್ಕವಿಲ್ಲ. ಸ್ವತಃ ದಾಟಿದ ದೊಡ್ಡ ನೀರೆಂದರೆ ಕೃಷ್ಣಾ ನದಿ. ಅದೂ ಬಸ್ಸಿನಲ್ಲಿ ಕೂತು, ಬೇಸಿಗೆಯಲ್ಲಿ, ಕೆಳಗೆ ಬರೀ ಬಂಡೆ ಕಾಣುತ್ತಿದ್ದಾಗ.

ಸಮುದ್ರ ನೋಡದವನಿಗೆ ಸಮಭಾಜಕ ವೃತ್ತದ ಮೇಲೆ ಮಾತಾಡುವ ಧೈರ್ಯ ಎಲ್ಲಿಂದ ಬಂತು ಎಂದು ಕೇಳಬೇಡಿ, ಪಠ್ಯಪುಸ್ತಕದಿಂದ ಬಂತು. ಒಂಬತ್ತನೆಯ ತರಗತಿಗೆ ಆ ಪಾಠ ಹೇಳುವಾಗ ನನಗೆ ಎಲ್ಲಿಲ್ಲದ ಹುಮ್ಮಸ್ಸು. ಅಲ್ಲಿ ಬೆಳಗ್ಗೆಯಿಂದಲೇ ಸುಡುವ ಬಿಸಿಲು, ನೆಲ ಕಾಯುತ್ತದೆ, ಹಸಿಗಾಳಿ ಮೇಲೇರುತ್ತದೆ, ಮಧ್ಯಾಹ್ನ ಮೋಡ ಕಟ್ಟುತ್ತದೆ, ನಾಲ್ಕು ಗಂಟೆಗೆ ಸರಿಯಾಗಿ ಮಳೆ. ದಿನಾ. ಇದಕ್ಕೆ ಪರಿಸರಣ ಮಳೆ ಎನ್ನುತ್ತಾರೆ. ನಮ್ಮ ಊರಿನ ಮಕ್ಕಳು ಇದನ್ನು ಕೇಳುತ್ತಿದ್ದ ರೀತಿಯೇ ಬೇರೆ. ಸ್ವರ್ಗದಲ್ಲಿ ಅಮೃತ ಕೊಡುತ್ತಾರೆ ಎಂದು ಪುರಾಣಿಕರು ಹೇಳುವಾಗ ಮುದುಕಿಯರು ಹೇಗೆ ಬಾಯಿ ತೆರೆದು ಕೇಳುತ್ತಾರೋ ಹಾಗೆ. ಒಬ್ಬ ಹುಡುಗ ಪರೀಕ್ಷೆಯಲ್ಲಿ, ‘ಅಲ್ಲಿಯ ಜನ ಪುಣ್ಯವಂತರು’ ಎಂದು ಒಂದೇ ಸಾಲು ಬರೆದಿದ್ದ. ನಾನು ಅರ್ಧ ಅಂಕ ಕೊಟ್ಟೆ.

ಆ ಪಾಠವನ್ನು ಮನೆಯ ಪಡಸಾಲೆಯಲ್ಲೂ ಹೇಳುತ್ತಿದ್ದೆ, ಟ್ಯೂಷನ್ನಿಗೆ ಬರುವ ಮಕ್ಕಳಿಗೆ. ಒಳಗೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಗೌರಮ್ಮ ರೊಟ್ಟಿ ಬಡಿಯುತ್ತಿರುತ್ತಿದ್ದಳು. ರೊಟ್ಟಿಯ ಸಪ್ಪಳಕ್ಕೆ ಇವಳಿಗೆ ಏನು ಕೇಳಿಸೀತು ಎಂದು ನಾನು ತಿಳಿದಿದ್ದೆ. ಒಂದು ದಿನ ಸಪ್ಪಳ ನಿಂತಿತು. ಹಿಟ್ಟು ಮೆತ್ತಿದ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

“ರೀ, ದಿನಾ ನಾಕ ಗಂಟೇಕ ಮಳಿ ಬರತದ ಅಂದ್ರ, ಆ ಊರಾಗ ಹೆಣ್ಣಮಕ್ಕಳು ಶ್ಯಾವಿಗಿ ಯಾವಾಗ ಒಣಗಸ್ತಾರ?”

ಮಕ್ಕಳು ನಕ್ಕರು. ನಾನೂ ನಕ್ಕೆ. ಉತ್ತರ ಮಾತ್ರ ಪಠ್ಯಪುಸ್ತಕದಲ್ಲಿ ಇರಲಿಲ್ಲ. ಹಿರೇಕೊಟ್ನೆಕಲ್ಲಿನ ಅವಳ ತವರಿನಲ್ಲಿ ಮಾಳಿಗೆಯ ಮೇಲೆ ಶ್ಯಾವಿಗೆ ಹರವಿದರೆ ವಾರಗಟ್ಟಲೆ ಹಾಗೇ ಬಿಡಬಹುದು, ಮೋಡ ತಿರುಗಿಯೂ ನೋಡುವುದಿಲ್ಲ. ಅಂಥ ಊರಿನಿಂದ ಬಂದವಳಿಗೆ ದಿನಾ ಬರುವ ಮಳೆ ಒಂದು ದೊಡ್ಡ ತಂಟೆಯಾಗಿ ಕಂಡಿರಬೇಕು. ಮತ್ತೆ ಅದರ ಮಾತು ಎತ್ತಲಿಲ್ಲ. ಮರೆತಳು ಎಂದುಕೊಂಡೆ.

ಮರೆತಿರಲಿಲ್ಲ ಎಂಬುದು ಹೋದ ವರ್ಷ ಗೊತ್ತಾಯಿತು. ಮಾನ್ವಿಯಲ್ಲಿ ಅಕ್ಕಿ ಗಿರಣಿಯ ಮನೆಗೆ ಕೊಟ್ಟಿರುವ ನಮ್ಮ ಮಗಳು, ಗಂಡನ ಜೊತೆ ಸಿಂಗಾಪುರ ನೋಡಿ ಬಂದು, ಫೋನಿನಲ್ಲಿ ಚಿತ್ರ ತೋರಿಸುತ್ತ ಕುಳಿತಿದ್ದಳು. ಆಕಾಶಕ್ಕೆ ತಾಗಿದ ಕಟ್ಟಡಗಳು, ಕಟ್ಟಡದ ಮೈಮೇಲೆ ಬೆಳೆದ ಗಿಡಗಳು, ನೆಲದ ಒಳಗೆ ಓಡುವ ರೈಲು. ಗೌರಮ್ಮ ಎಲ್ಲವನ್ನೂ ಬೇರೆಯವರ ಮನೆಯ ಮದುವೆ ಆಲ್ಬಮ್ ನೋಡುವಷ್ಟೇ ಆಸಕ್ತಿಯಿಂದ ನೋಡಿದಳು. ಒಂದು ಚಿತ್ರದಲ್ಲಿ ಒದ್ದೆ ರಸ್ತೆ, ಕೊಡೆ ಹಿಡಿದ ಜನ. ಅಲ್ಲಿ ಅವಳ ಬೆರಳು ನಿಂತಿತು.

“ಇದು ಎಷ್ಟ ಗಂಟೇದ್ದು?”

“ನಾಕೋ ನಾಕೂವರಿನೋ ಇರಬೇಕು ಯವ್ವಾ. ಯಾಕ?”

“ನಾ ಹೋಗಿ ನೋಡಬೇಕು,” ಎಂದಳು ಗೌರಮ್ಮ. “ನಿಮ್ಮಪ್ಪ ಇಷ್ಟ ವರ್ಷ ಹೇಳಿದ್ದು ಖರೇನೋ ಸುಳ್ಳೋ, ಒಮ್ಮೆ ನಿಂತು ನೋಡಬೇಕು.”

ಹೀಗೆ ನಮ್ಮ ಮೊದಲ ವಿದೇಶ ಪ್ರವಾಸದ ಯೋಜನೆ ಶುರುವಾಯಿತು. ಲೋಕದ ಜನ ಆ ಊರಿಗೆ ಅಂಗಡಿ ನೋಡಲು, ದೀಪ ನೋಡಲು ಹೋಗುತ್ತಾರಂತೆ. ನಮ್ಮದು ಗಂಡನ ಪಾಠವನ್ನು ತಪಾಸಣೆ ಮಾಡುವ ಪ್ರವಾಸ. ಪಾಸ್‌ಪೋರ್ಟಿನ ವಿಚಾರಣೆಗೆ ಮನೆಗೆ ಬಂದ ಪೊಲೀಸಪ್ಪ, “ಸಿಂಗಾಪುರದಾಗ ನಿಮ್ಮವರು ಯಾರದಾರ್ರಿ?” ಎಂದು ಕೇಳಿದ. ಯಾರೂ ಇಲ್ಲ, ಮಳೆ ನೋಡಲು ಹೊರಟಿದ್ದೇವೆ ಎಂದೆ. ಆತ ಹೊರಗಿನ ಬಿಸಿಲನ್ನು ಒಮ್ಮೆ ನೋಡಿ, ಟೋಪಿ ತೆಗೆದು ಬೆವರು ಒರೆಸಿಕೊಂಡು, “ಹೋಗಿ ಬರ್ರಿ” ಎಂದ. ಅಷ್ಟು ಸುಲಭವಾಗಿ ನಂಬಿದ ಸರ್ಕಾರಿ ನೌಕರನನ್ನು ನಾನು ಬೇರೆ ಕಂಡಿಲ್ಲ.

ಯೋಜನೆ ಹಾಕುವುದರಲ್ಲಿ ನಾನು ಗಟ್ಟಿಗ. ಹೊರಡುವುದರಲ್ಲಷ್ಟೇ ನನಗೆ ಅನುಭವ ಕಡಿಮೆ. ಯಾವ ರೈಲು ಎಲ್ಲಿ ಬದಲಿಸಬೇಕು, ಮಳೆ ಬಂದಾಗ ಯಾವ ಬಯಲಿನಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ನಕ್ಷೆ ಹಿಡಿದು ಗುರುತು ಹಾಕಿದೆ. ಬಿಸಿಲು ಜಾಸ್ತಿ, ಹುಷಾರು ಎಂದು ಮಗಳು ಹೇಳಿದಾಗ ಗೌರಮ್ಮ, ರಾಯಚೂರು ಜಿಲ್ಲೆಯವರಿಗೆ ಬಿಸಿಲಿನ ಹೆದರಿಕೆ ಹಾಕುತ್ತೀಯಾ ಎಂದು ನಕ್ಕಳು. ಜಗಳವಾದದ್ದು ಒಂದೇ ವಿಷಯಕ್ಕೆ, ಕಟಕ ರೊಟ್ಟಿಗೆ. ನಮ್ಮಲ್ಲಿ ದೂರ ಹೊರಟರೆ ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ಇಲ್ಲದೆ ಹೊಸ್ತಿಲು ದಾಟುವುದಿಲ್ಲ. ನಮ್ಮ ಒಣಗಾಳಿಗೆ ಆ ರೊಟ್ಟಿ ತಿಂಗಳಾದರೂ ಹಪ್ಪಳದಂತೆ ಮುರಿಯುತ್ತದೆ. ಅಲ್ಲಿಯ ಹಸಿಗಾಳಿಗೆ ಒಂದೇ ದಿನದಲ್ಲಿ ಮೆತ್ತಗಾಗಿ, ಎರಡನೆಯ ದಿನ ಬೂಸು ಹಿಡಿಯುತ್ತದೆ ಎಂದು ನಾನು ವೈಜ್ಞಾನಿಕವಾಗಿ ವಾದಿಸಿದೆ. “ಅದನ್ನೂ ಅಲ್ಲೇ ಹೋಗಿ ನೋಡೂಣಂತ,” ಎಂದು ಅವಳು ಜೋಳ ಹಸನು ಮಾಡಲು ಕುಳಿತಳು. ನನ್ನ ಯಾವ ಮಾತನ್ನೂ ನೋಡದೆ ನಂಬಬಾರದು ಎಂದು ಆಗಲೇ ತೀರ್ಮಾನವಾಗಿತ್ತು.

ಇಲ್ಲಿಯವರೆಗೆ ನಗುನಗುತ್ತ ಬರೆದೆ. ಮುಂದಿನದನ್ನು ಹಾಗೆ ಬರೆಯಲು ಆಗುವುದಿಲ್ಲ.

ಪಾಸ್‌ಪೋರ್ಟಿನ ಕೆಲಸಕ್ಕೆ ರಾಯಚೂರಿಗೆ ಹೋದ ದಿನ ಗೌರಮ್ಮ ಮೆಟ್ಟಿಲು ಹತ್ತುತ್ತ ನಡುವೆಯೇ ಕುಳಿತಳು. ಬಿಸಿಲು ಎಂದಳು. ಅಲ್ಲಿ ನೆರಳಿತ್ತು. ಮರುವಾರ ದೊಡ್ಡ ಡಾಕ್ಟರಿಗೆ ತೋರಿಸಿದೆವು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಹೈದರಾಬಾದಿನಲ್ಲಿ ಆಪರೇಷನ್ ಮಾಡಿಸಬೇಕು, ಅಲ್ಲಿಯವರೆಗೆ ವಿಮಾನದ ಮಾತು ಬೇಡ ಎಂದರು. ಆಪರೇಷನ್ ಆದಮೇಲೆ ಹೋಗಬಹುದೇ ಎಂದು ಕೇಳಿದೆ. ಡಾಕ್ಟರು ನನ್ನ ಕಡೆ ನೋಡದೆ ಪೆನ್ನಿನ ಮುಚ್ಚಳ ಹಾಕಿ, “ಮೊದಲ ಅದು ಆಗಲಿ ಮಾಸ್ತರ್ರ, ಅವರಿಗೆ ಸಕ್ಕರಿನೂ ಭಾಳ ಅದ” ಎಂದರು. ತರಗತಿಯಲ್ಲಿ ಗೊತ್ತಿಲ್ಲದ ಪ್ರಶ್ನೆ ಬಂದಾಗ ನಾನೂ ಹೀಗೇ ಸೀಮೆಸುಣ್ಣ ಕೆಳಗಿಡುತ್ತಿದ್ದೆ. ಹಾಗಾಗಿ ನನಗೆ ಭಯವಾಯಿತು.

ಪ್ರವಾಸ ನಿಂತಿತು ಎಂದು ನಾನು ನಕ್ಷೆ ಮಡಚಿಟ್ಟೆ. ಗೌರಮ್ಮ ಮಡಚಲಿಲ್ಲ. ನಮ್ಮ ಓಣಿಯ ಮಠದ ಅಯ್ಯನವರು ಪಂಚಾಂಗ ನೋಡಿ ಹೊರಡುವ ದಿನ ಮೊದಲೇ ಹೇಳಿದ್ದರು. ಆ ದಿನ ಹೊರಡಲಾಗದಿದ್ದರೆ ಪ್ರಸ್ಥಾನ ಇಡೋಣ ಎಂದಳು.

ಈ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ಒಳ್ಳೆಯ ಮುಹೂರ್ತ ಇದೆ, ಆದರೆ ಆ ಗಳಿಗೆಗೆ ಹೊರಡಲು ನಿಮಗೆ ಆಗುವುದಿಲ್ಲ ಅನ್ನಿ. ಆಗ ನಿಮ್ಮ ಬದಲು ನಿಮ್ಮ ಗಂಟು ಹೊರಡುತ್ತದೆ. ಹೊರಡುವವರು ಮೈಮೇಲೆ ಹಾಕಿಕೊಂಡಿದ್ದ ಒಂದು ಬಟ್ಟೆ, ಒಂದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಚೂರು ವಿಭೂತಿ ಇವನ್ನು ಕಟ್ಟಿ, ಹೋಗಬೇಕಾದ ದಿಕ್ಕಿನಲ್ಲಿರುವ ಬೇರೆಯವರ ಮನೆಯಲ್ಲಿ ಆ ಗಳಿಗೆಗೆ ಇಟ್ಟು ಬರಬೇಕು. ಅಲ್ಲಿಗೆ ನೀವು ಹೊರಟಂತೆ. ಆಮೇಲೆ ನೀವು ಮನೆಯಲ್ಲೇ ಉಂಡು ಮಲಗಿದರೂ, ಶಾಸ್ತ್ರದ ಲೆಕ್ಕದಲ್ಲಿ ದಾರಿಯಲ್ಲಿದ್ದೀರಿ.

ಇದು ಹೆಂಗಸರ ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ಕಾಲದ ರಾಜರು ದಂಡು ಹೊರಡಿಸುವಾಗ ಒಳ್ಳೆಯ ಗಳಿಗೆಗೆ ಡೇರೆಯನ್ನು ಊರ ಹೊರಗೆ ಹೊಡೆಸಿ, ತಾವು ಅರಮನೆಯಲ್ಲೇ ಸಾವಕಾಶವಾಗಿ ಊಟ ಮುಗಿಸುತ್ತಿದ್ದರಂತೆ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನಮ್ಮ ನೆಲಕ್ಕಾಗಿ ಎಷ್ಟು ದಂಡುಗಳು ಬಂದವೋ! ರಾಯಚೂರಿನ ಕೋಟೆಯ ಮೇಲೆ ಬಂದವರೆಲ್ಲ ಒಳ್ಳೆಯ ಗಳಿಗೆ ನೋಡಿಯೇ ಬಂದಿರಬೇಕು, ಕೋಟೆಯ ಒಳಗಿದ್ದವರೂ ಒಳ್ಳೆಯ ಗಳಿಗೆಗೇ ಬಾಗಿಲು ಹಾಕಿರಬೇಕು. ಆದರೂ ಇಬ್ಬರಲ್ಲಿ ಒಬ್ಬರು ಸೋತರು. ಇದನ್ನು ಗೌರಮ್ಮನಿಗೆ ಹೇಳಿದೆ. “ಸೋತವರೂ ಹೊಂಟಿದ್ದರಲ್ಲ, ಮನ್ಯಾಗ ಕುಂತಿರಲಿಲ್ಲಲ್ಲ” ಎಂದಳು.

ಗಂಟು ಅವಳೇ ಕಟ್ಟಿದಳು. ನಾನು ಭೂಗೋಳದ ಮನುಷ್ಯ, ದಿಕ್ಕು ಹೇಳುವುದು ನನ್ನ ಪಾಲಿಗೆ ಬಂತು. ಸಿಂಗಾಪುರ ನಮಗೆ ಆಗ್ನೇಯ. ಆಗ್ನೇಯದ ಪಕ್ಕದ ಮನೆಯಲ್ಲಿ ಗಂಟು ಇಟ್ಟು ಬಂದೆವು.

ಆಪರೇಷನ್ ಮುಂದೆ ಹೋಯಿತು, ಸಕ್ಕರೆ ಇಳಿದಿರಲಿಲ್ಲ. ಪ್ರಸ್ಥಾನ ಹಾಗೆ ಬಹಳ ದಿನ ಒಂದೇ ಕಡೆ ಇರಬಾರದಂತೆ. ಅಯ್ಯನವರನ್ನು ಕೇಳಿದರೆ, “ಹಿಂದ ತರಬ್ಯಾಡ್ರಿ. ತಂದ್ರ ಪಯಣ ಮುರದಂಗ. ಅದೇ ದಿಕ್ಕಿನ್ಯಾಗ ಮುಂದ ಒಯ್ದು ಇಡ್ರಿ” ಎಂದರು. ಗೌರಮ್ಮನ ತಂಗಿ ಶರಣಮ್ಮ ಕಲ್ಲೂರಿನಲ್ಲಿದ್ದಾಳೆ. ಕಲ್ಲೂರು ಆಗ್ನೇಯವೇ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಯ್ದು ಕೊಟ್ಟು ಬಂದೆ. ಮತ್ತೆ ಆಪರೇಷನ್ ಮುಂದೆ ಹೋಯಿತು, ಈ ಸಲ ಜ್ವರ. ಗಂಟು ರಾಯಚೂರಿಗೆ ಹೋಯಿತು, ನನ್ನ ಜೊತೆ ಗಣಿತ ಕಲಿಸುತ್ತಿದ್ದ ಖಾದರ್ ಸಾಹೇಬರ ಮನೆಗೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಬೀರುವಿನಲ್ಲಿ ಹಬ್ಬದ ಬಟ್ಟೆಗಳ ಪಕ್ಕ ಇಟ್ಟರು. ಅಲ್ಲಿಂದ ಮುಂದೆ ಉಳಿದದ್ದು ಹೈದರಾಬಾದಿನ ವಿಮಾನ ನಿಲ್ದಾಣ. ಅದು ಆಗ್ನೇಯ ಅಲ್ಲ, ಈಶಾನ್ಯ. ಈ ಸಮಸ್ಯೆ ಎತ್ತಿದಾಗ ಅಯ್ಯನವರು ಬಹಳ ಹೊತ್ತು ಯೋಚಿಸಿ, “ಇಮಾನ ಮ್ಯಾಲ ಹಾರಿದ ಮ್ಯಾಲ ದಿಕ್ಕ ಹಿಡೀತದ ಬಿಡ್ರಿ” ಎಂದು ಪರಿಹಾರ ಕೊಟ್ಟರು.

ಹೀಗೆ ಗಂಟು ಊರಿಂದೂರಿಗೆ ಸಿಂಗಾಪುರದ ಕಡೆ ಸಾಗಿತು. ಗೌರಮ್ಮ ಪಡಸಾಲೆಯಿಂದ ಅಡುಗೆಮನೆಗೆ ಹೋಗಲು ನಡುವೆ ಒಮ್ಮೆ ಗೋಡೆ ಹಿಡಿಯುವಂತಾದಳು. ರೊಟ್ಟಿ ಬಡಿಯುವುದನ್ನು ಬಿಟ್ಟಳು. ಆ ಸಪ್ಪಳವಿಲ್ಲದ ಮನೆಯಲ್ಲಿ ಸಂಜೆಯಾಗುವುದು ಎಷ್ಟು ಕಷ್ಟ ಎಂದು ನನಗೆ ಮೊದಲು ಗೊತ್ತಿರಲಿಲ್ಲ. ಟಿವಿ ಹಚ್ಚಿ ಜೋರಾಗಿ ಇಡುತ್ತೇನೆ. ಅವಳು, “ಸಣ್ಣದು ಮಾಡ್ರಿ” ಎನ್ನುತ್ತಾಳೆ. ಮಾಡುತ್ತೇನೆ.

ಆದರೂ ಒಂದು ಸಮಾಧಾನ ಇತ್ತು. ಗಂಟು ದಾರಿಯಲ್ಲಿದೆ ಎಂಬ ಸಮಾಧಾನ. ಇದನ್ನೆಲ್ಲ ನಂಬದ ನಾನು, ಮನಸ್ಸು ಕುಸಿದಾಗ ಖಾದರ್ ಸಾಹೇಬರಿಗೆ ಫೋನು ಹಚ್ಚಿ ಹವಾಮಾನ, ಪಿಂಚಣಿ ಎಲ್ಲ ಮಾತಾಡಿ, ಕೊನೆಗೆ ತೀರ ಈಗ ನೆನಪಾದವನಂತೆ, “ಅದು ಅಲ್ಲೇ ಅದಲ್ಲರಿ?” ಎಂದು ಕೇಳುತ್ತಿದ್ದೆ. ಅದರೊಳಗೆ ಗೌರಮ್ಮನ ಸೀರೆ ಇದೆ, ಅದು ಆಗಲೇ ರಾಯಚೂರು ಮುಟ್ಟಿದೆ, ಅವಳು ಹೊರಟಾಗಿದೆ. ಹೊರಟವರು ಊರು ಮುಟ್ಟಲೇಬೇಕು. ನನಗೆ ಈ ವಾದ ತರ್ಕಬದ್ಧವಾಗಿಯೇ ಕಾಣುತ್ತಿತ್ತು.

ಹೋದ ತಿಂಗಳು ಅವರೇ ಫೋನು ಮಾಡಿದರು.

“ಮಾಸ್ತರ್, ತಪ್ಪ ತಿಳ್ಕೋಬ್ಯಾಡ್ರಿ. ಗಂಟಿನ್ಯಾಗಿಂದ ನುಸಿ ಹೊರಗ ಬರಾಕತ್ತಾವ. ಅಕ್ಕಿ ಹಳೇದು ಆಗಿರಬೇಕು. ನಿಮ್ಮ ದೇವರ ಕೆಲಸ, ನಾ ಬಿಚ್ಚೋದು ಸರಿ ಅಲ್ಲ. ನೀವ ಬರ್ರಿ.”

ಹೋದೆ. ಅವರು ಹಳೆಯ ಪೇಪರು ಹಾಸಿ, ಗಂಟನ್ನು ಮೇಲಿಟ್ಟು, ತಾವು ಗೌರವದಿಂದ ಎರಡು ಹೆಜ್ಜೆ ಹಿಂದೆ ನಿಂತರು. ಬಿಚ್ಚಿದೆ. ನುಸಿ ಹಿಡಿದ ಅಕ್ಕಿ, ಅಡಿಕೆ, ಅರಿಷಿಣದ ಕೊಂಬು, ವಿಭೂತಿ. ಬಟ್ಟೆ ಒಂದೇ ಇತ್ತು. ಸೀರೆಯಲ್ಲ, ಕುಪ್ಪಸವಲ್ಲ. ನನ್ನ ಹಳೆಯ ಅರ್ಧ ತೋಳಿನ ಬಿಳಿ ಅಂಗಿ, ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದದ್ದು. ಅಂಗಿಯನ್ನು ಜಾಡಿಸಿದೆ, ಮಡಿಕೆಯಲ್ಲಿ ಸಿಕ್ಕಿರಬಹುದೆಂದು ಮತ್ತೆ ಜಾಡಿಸಿದೆ. ಅವಳದು ಒಂದು ದಾರವೂ ಇರಲಿಲ್ಲ.

ಖಾದರ್ ಸಾಹೇಬರು ಅಕ್ಕಿಯನ್ನಷ್ಟೇ ಬದಲಿಸಿಕೊಟ್ಟರು. ಗಂಟು ಮತ್ತೆ ಅವರ ಬೀರು ಸೇರಿತು. ಬಸ್ಸಿನಲ್ಲಿ ಊರಿಗೆ ಬರುವಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ತಿಂಗಳು ನಾನು ನನ್ನನ್ನೇ ತೊಡೆಯ ಮೇಲಿಟ್ಟುಕೊಂಡು ಊರೂರು ಸುತ್ತಿದ್ದೆ!

ಅವಳು ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದಳು. ಕೇಳಿದೆ.

“ನಿನ್ನ ಸೀರಿ ಯಾಕ ಇಟ್ಟಿಲ್ಲ?”

ಅವಳು ಆಶ್ಚರ್ಯಪಡಲಿಲ್ಲ. “ಬಿಚ್ಚಿದ್ರೇನು? ಬಿಚ್ಚಬಾರದಿತ್ತು,” ಎಂದಳು. ಸ್ವಲ್ಪ ಉಸಿರು ತೆಗೆದುಕೊಂಡು ಹೇಳಿದಳು: “ಡಾಕ್ಟರ ಮಾರಿ ನೀವೊಬ್ಬರ ನೋಡಿದ್ರೇನು? ನಾನೂ ನೋಡೀನಿ. ನನ್ನ ಸೀರಿ ಇಟ್ಟು, ನಾ ಹೋಗೂದು ಆಗಲಿಲ್ಲ ಅಂದ್ರ, ಅದನ್ನ ತಿರುಗಿ ಮನಿಗೆ ತರೋರು ಯಾರು? ನೀವ ತರಬೇಕು. ಬಸ್ಸಿನ್ಯಾಗ ಒಬ್ಬರ ಕುಂತು. ಅದು ಬ್ಯಾಡ ಅನಿಸ್ತು.”

ನಾನು ಮಂಚದ ತುದಿಗೆ ಕುಳಿತೆ.

“ನೀವು ಹೋಗ್ರಿ,” ಎಂದಳು. “ಯಾರಾರ ಒಬ್ಬರು ನೋಡಬೇಕಲ್ಲ. ಪಾಠ ಹೇಳಿದವರು ನೀವು. ನಾಕ ಗಂಟೇಕ ಹೊರಗ ನಿಂದರ್ರಿ. ಬಂತಂದ್ರ ಬಂತು. ಬರಲಿಲ್ಲಂದ್ರ ಸುಳ್ಳು ಹೇಳೀನಿ ಅಂತ ಒಪ್ಪಿಕೊಳ್ರಿ.”

ಮಕ್ಕಳು ನಕ್ಕ ಆ ಸಂಜೆಯಂತೆ ನಗಬೇಕೆಂದು ಅವಳೂ ನೋಡಿದಳು, ನಾನೂ ನೋಡಿದೆ. ಇಬ್ಬರಿಗೂ ಆಗಲಿಲ್ಲ. ನಾನು ಹಿತ್ತಿಲಿಗೆ ಹೋಗಿ ಅತ್ತೆ. ಅರವತ್ತು ದಾಟಿದ ಗಂಡಸು ಹಿತ್ತಿಲಲ್ಲಿ ಅಳುವಾಗ ನೀರು ಸೇದುವ ನೆಪ ಮಾಡಬೇಕಾಗುತ್ತದೆ, ನಮ್ಮಲ್ಲಿ ಈಗ ನಲ್ಲಿ. ಸುಮ್ಮನೆ ನಲ್ಲಿ ತಿರುವಿದೆ. ನೀರು ಬರುವ ದಿನ ಅದಲ್ಲ.

ಆಪರೇಷನ್ನಿಗೆ ಹೈದರಾಬಾದಿನಲ್ಲಿ ದಿನ ಗೊತ್ತಾಯಿತು. ಈ ಸಲ ಮುಂದೆ ಹೋಗುವುದಿಲ್ಲ ಎಂದಿದ್ದಾರೆ. ಹಳೆಯ ರಿಪೋರ್ಟು ತರಲು ನಿನ್ನೆ ನಾನೊಬ್ಬನೇ ರಾಯಚೂರಿಗೆ ಹೊರಟೆ. ಹಿತ್ತಿಲಿನ ಹಗ್ಗದ ಮೇಲೆ ಅವಳ ಹಸಿರು ಇಳಕಲ್ ಸೀರೆ ಒಣಗುತ್ತಿತ್ತು. ಮೊನ್ನೆಯವರೆಗೆ ಉಟ್ಟದ್ದು, ಮಾಸಿದ್ದು, ಸೆರಗಿನ ಕೆಂಪು ಬಿಳಿಚಿಕೊಂಡದ್ದು. ಅತ್ತಿತ್ತ ನೋಡಿ, ಎಳೆದು, ಮಡಚಿ ಚೀಲಕ್ಕೆ ಹಾಕಿಕೊಂಡೆ. ಸ್ವಂತ ಹೆಂಡತಿಯ ಸೀರೆ ಕದಿಯುವಾಗಲೂ ಎದೆ ಅಷ್ಟು ಹೊಡೆದುಕೊಳ್ಳುತ್ತದೆ ಎಂದು ತಿಳಿದಿರಲಿಲ್ಲ.

ಖಾದರ್ ಸಾಹೇಬರು ಬೀರು ತೆರೆದು ಗಂಟು ತಂದಿಟ್ಟರು. ನಾನು ಚೀಲದಿಂದ ಸೀರೆ ತೆಗೆದೆ. ಅವರು ಅದನ್ನು ನೋಡಿ, ನನ್ನ ಮುಖ ನೋಡಿ, “ಭಾಬಿ ಕೊಟ್ಟ ಕಳಿಸಿದ್ರೇನು?” ಎಂದರು.

“ಹೌದ್ರಿ,” ಎಂದೆ.

ಅದು ಸುಳ್ಳೆಂದು ಅವರಿಗೆ ಗೊತ್ತಾಯಿತು. ಗಣಿತದವರಿಗೆ ಬೇಗ ಗೊತ್ತಾಗುತ್ತದೆ. ನನ್ನ ಅಂಗಿಯ ಮೇಲೆ ಸೀರೆಯನ್ನಿಟ್ಟು, ಗಂಟಿನ ತುದಿಗಳನ್ನು ಕೈಗೆ ತೆಗೆದುಕೊಂಡೆ. ಕಟ್ಟಲು ಕೈ ಬರಲಿಲ್ಲ.

“ಸಾಹೇಬ್ರ,” ಎಂದೆ, “ಈಗ ಹೊತ್ತು ಹೆಂಗದ?”

ಅವರು ಅಡುಗೆಮನೆಗೆ ಹೋದರು. ಕಿರಾಣಿ ಅಂಗಡಿಯವರು ಪುಕ್ಕಟೆ ಕೊಟ್ಟ ಕನ್ನಡ ಕ್ಯಾಲೆಂಡರ್ ಅಲ್ಲಿ ಮೊಳೆಗೆ ನೇತಾಡುತ್ತಿತ್ತು, ಹಾಲಿನ ಲೆಕ್ಕಕ್ಕೆ. ಅದನ್ನು ತಂದು, ಚಾಳೀಸು ಏರಿಸಿ, ಬೆರಳಿಟ್ಟು ಓದಿದರು. ಗೋಡೆಯ ಗಡಿಯಾರ ನೋಡಿದರು.

“ರಾಹುಕಾಲ ನಡದದ ಮಾಸ್ತರ್. ಈಗ ಬ್ಯಾಡ. ಸ್ವಲ್ಪ ತಡೀರಿ.”

ರಾಹು ಎಂಬುದು ಗ್ರಹವೇ ಅಲ್ಲ, ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಒಂದು ಬಿಂದು, ಅಲ್ಲಿ ಮುಟ್ಟಲು ಏನೂ ಇಲ್ಲ, ನೋಡಲು ಏನೂ ಇಲ್ಲ. ಇದನ್ನು ನಾನು ಎಷ್ಟು ತರಗತಿಗಳಿಗೆ ಹೇಳಿದ್ದೇನೋ. ಕೇಳಿದ ಮಕ್ಕಳಲ್ಲಿ ಕೆಲವರು ಈಗ ತಾವೇ ಮೇಷ್ಟರಾಗಿ ತಮ್ಮ ಮಕ್ಕಳಿಗೆ ಹೇಳುತ್ತಿರಬಹುದು.

“ತಡೀತೀನ್ರಿ,” ಎಂದೆ. ಖಾದರ್ ಸಾಹೇಬರು ಚಹಾಕ್ಕೆ ಹೇಳಿ, ಕ್ಯಾಲೆಂಡರನ್ನು ಕೈಯಲ್ಲೇ ಹಿಡಿದುಕೊಂಡು, ಗಡಿಯಾರ ಕಾಣುವಂತೆ ನನ್ನ ಪಕ್ಕ ಕುಳಿತರು. ಊರಿಗೆ ಹೋಗುವ ಬಸ್ಸು ತಪ್ಪಿತು. ನಾವಿಬ್ಬರೂ ಏಳಲಿಲ್ಲ.